ಹನ್ನೆರಡರಲ್ಲಿ ಒಂಬತ್ತನೆಯದು

ರಸ್ತೆ ಅಗಲ ಮಾಡುವವರು ಓಣಿಯ ಎರಡೂ ಬದಿಗೆ ಸುಣ್ಣದ ಗೆರೆ ಎಳೆದು ಹೋದ ಎಂಟನೇ ದಿನ ಓಣಿಗೆ ಓಣಿಯೇ ಸ್ಟುಡಿಯೋ ಯಜಮಾನರ ಮನೆ ಬಾಗಿಲಿಗೆ ಬಂದು ನಿಂತಿತು. ವಾರವಿಡೀ ಅತ್ತು ಸಾಕಾಗಿದ್ದ ಜನ ಅಂದು ನಗುತ್ತಿದ್ದರು. ಅಡುಗೆಮನೆಯಲ್ಲಿ ಅಷ್ಟೂ ಜನಕ್ಕೆ ಚಹಾ ಸೋಸುತ್ತಿದ್ದ ಯಜಮಾನರ ಸೊಸೆ ಮಾತ್ರ ನಗಲಿಲ್ಲ.

ಜನ ನಗುವುದಕ್ಕೆ ಕಾರಣವಿತ್ತು. ಓಣಿಯ ಐವತ್ತಮೂರು ಮನೆಗಳೂ ನೆಲಸಮವಾಗುವುದು ಖಚಿತ. ಆದರೆ ಹೊಳೆಗೆ ಸೇತುವೆ ಕಟ್ಟುವ ಮುಂಚಿನಿಂದ ಇಲ್ಲಿದ್ದೇವೆಂದು ತೋರಿಸಿಕೊಟ್ಟವರಿಗೆ ಬದಲಿ ಮನೆ ಸಿಗುತ್ತದೆ. ಅಂಥವರು ನಲವತ್ತೊಂದು ಮನೆಯವರು. ತೋರಿಸುವುದು ಏನನ್ನು ಎನ್ನುವುದೇ ತಲೆನೋವಾಗಿತ್ತು. ಕಚೇರಿಯ ನೆಲಮಾಳಿಗೆಯಲ್ಲಿದ್ದ ಹಳೆಯ ಕಡತಗಳು ಪೈಪು ಒಡೆದು ನೀರು ನಿಂತು ಎಂದೋ ಮುದ್ದೆಯಾಗಿ ಹೋಗಿದ್ದವು. ಆಗ ಯಾರಿಗೋ ಯಜಮಾನರ ಹೊಸ್ತಿಲ ಫೋಟೋ ನೆನಪಾಯಿತು.

ಅದು ಯಜಮಾನರ ಒಂದು ಹುಚ್ಚು. ಓಣಿಗೆ ಹೊಸ ಸಂಸಾರ ಬಂದರೆ ವಾರದೊಳಗೆ ಕ್ಯಾಮೆರಾ ಹೊತ್ತು ಹೋಗಿ, ಮನೆಮಂದಿಯನ್ನೆಲ್ಲ ಅವರ ಹೊಸ್ತಿಲ ಮೇಲೆ ನಿಲ್ಲಿಸಿ ಒಂದು ಫೋಟೋ ತೆಗೆಯುತ್ತಿದ್ದರು. ಆಮೇಲೆ ರಿಜಿಸ್ಟರಿನಲ್ಲಿ ನಂಬರು, ಹೆಸರು, ಮನೆ, ತಾರೀಖು. ಅದೇ ನಂಬರು ಬರೆದ ಕಂದು ಕವರಿನಲ್ಲಿ ನೆಗೆಟಿವ್. ಸ್ಟುಡಿಯೋ ಮುಚ್ಚಿ ಹತ್ತು ವರ್ಷವಾಗಿದ್ದರೂ ರಿಜಿಸ್ಟರುಗಳು ಬೀರುವಿನಲ್ಲಿ, ನೆಗೆಟಿವ್‌ಗಳು ಅಟ್ಟದ ತಗಡಿನ ಪೆಟ್ಟಿಗೆಗಳಲ್ಲಿ ಇದ್ದವು. ಅಧಿಕಾರಿ ಒಪ್ಪಿದ್ದರು. "ಬರೀ ರಿಜಿಸ್ಟರ್ ಆಗಲ್ಲ, ಅದರಲ್ಲಿ ನಾಳೆ ಬೇಕಾದ್ರೂ ಒಂದು ಸಾಲು ಸೇರಿಸಬಹುದು. ನಂಬರಿಗೂ ನೆಗೆಟಿವ್‌ಗೂ ತಾಳೆ ಆಗಬೇಕು. ಐದು ವಾರದಲ್ಲಿ ತನ್ನಿ" ಎಂದಿದ್ದರು.

"ಆವತ್ತು ಬಟ್ಟೆ ಮಾಸಿದೆ ಅಂತ ನಾನು ಒಳಗೆ ಓಡಿ ಹೋದ್ರೆ, ಬಿಡ್ಲಿಲ್ಲ ಕಣ್ರೀ ಈ ಪುಣ್ಯಾತ್ಮ!" ಎಂದು ನಲ್ಲಿಯ ಪಕ್ಕದ ಮನೆಯ ಇಸ್ತ್ರಿ ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ನನ್ನ ಗಂಡನ್ನ ಹೊರಗೆ ನಿಲ್ಲಿಸಿ, ನೀನು ಬರೋ ತನಕ ಇವನಿಗೆ ಬಿಸಿಲೇ ಗತಿ ಅಂದ್ರು. ಅಯ್ಯೋ ಪಾಪ ಅಂತ ಬಂದು ನಿಂತೆ."

ಜನ ಘೊಳ್ಳೆಂದು ನಕ್ಕರು. ಯಜಮಾನರು ಮದುಮಗನ ಹಾಗೆ ನಾಚಿಕೊಂಡರು. ಸೊಸೆ ಚಹಾದ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತುಕೊಂಡಳು.

ಆ ಸೊಸೆಗೆ ಅತ್ತೆ ಇಟ್ಟ ಹೆಸರು ನೀಟಮ್ಮ. ಓಣಿಯಲ್ಲೂ ಅದೇ ನಡೆಯುತ್ತಿತ್ತು. ಔಷಧದಂಗಡಿಯಲ್ಲಿ ಕೆಲಸ; ಮಾತ್ರೆಯ ಜೊತೆ ಮಾತ್ರೆ, ಮುಲಾಮಿನ ಜೊತೆ ಮುಲಾಮು ಜೋಡಿಸಿ ಜೋಡಿಸಿ ಕೈಗೆ ಅದೇ ರೂಢಿಯಾಗಿತ್ತು. ಮನೆಯಲ್ಲಿ ಚಮಚಗಳೂ ಎತ್ತರದ ಪ್ರಕಾರ ನಿಲ್ಲಬೇಕು. ಹೋದ ಬೇಸಿಗೆಯಲ್ಲಿ ಅಟ್ಟದಿಂದ ಹುಳಿ ವಾಸನೆ ಬರತೊಡಗಿತು. ಹತ್ತಿ ನೋಡಿದರೆ ಪೆಟ್ಟಿಗೆಗಳ ತುಂಬ ಹುಳ. ಕವರುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಮಾವನ ಜೀವಮಾನದ ಕೆಲಸ ಹೀಗೆ ಹಾಳಾಗಬಾರದೆಂದು ಅವಳು ಮೂರು ಭಾನುವಾರ ಕೂತಳು. ಸೇತುವೆಗೆ ಮುಂಚಿನ ಸಾವಿರದ ಇನ್ನೂರು ನೆಗೆಟಿವ್‌ಗಳನ್ನು ಒಂದೊಂದಾಗಿ ಒರೆಸಿ ಪ್ಲಾಸ್ಟಿಕ್ ಹಾಳೆಗಳಿಗೆ ಹಾಕಿದಳು. ಗಂಡಸರದು ಒಂದು ಫೈಲು, ಹೆಂಗಸರದು ಒಂದು, ಮಕ್ಕಳದು ಒಂದು, ಗುಂಪಿನದು ಒಂದು. ಹುಳ ಹಿಡಿದ ಕವರುಗಳನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಹಚ್ಚಿದಳು. ಒಳ್ಳೆಯದನ್ನು ಮಾಡಿದೆನೆಂಬ ಸಂತೋಷಕ್ಕೆ ಅಂದು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನವನ್ನೂ ಮಾಡಿದ್ದಳು.

ಓಣಿಯವರೆಲ್ಲ ಹೋದ ಮೇಲೆ, ಸಂಜೆ ಊಟಕ್ಕೆ ಕೂತಾಗ ಯಜಮಾನರು ಇನ್ನೂ ಅದೇ ಉಮೇದಿನಲ್ಲಿದ್ದರು.

"ನಾಳೆ ಪೆಟ್ಟಿಗೆ ಇಳಿಸಿಬಿಡು ಮಗಾ. ನಲವತ್ತೊಂದು ಕವರು ಹುಡುಕೋದು ಎಷ್ಟು ಹೊತ್ತಿನ ಕೆಲಸ?"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಮಗ ತುತ್ತು ನುಂಗುತ್ತ ತಲೆಯಾಡಿಸಿದ. ನೀಟಮ್ಮ ಬಡಿಸುವ ಸೌಟನ್ನು ಕೆಳಗಿಟ್ಟಳು.

"ಮಾವ, ಕವರಿಲ್ಲ."

"ಕವರಿಲ್ಲ ಅಂದ್ರೆ?"

"ಹುಳ ತಿಂದಿತ್ತು. ಸುಟ್ಟುಬಿಟ್ಟೆ. ನೆಗೆಟಿವ್ ಎಲ್ಲ ಹೊಸ ಹಾಳೆಗೆ ಹಾಕಿದ್ದೀನಿ, ಭದ್ರವಾಗಿದೆ."

"ನಂಬರು ಇದ್ದದ್ದು ಕವರಿನ ಮೇಲೆ ಕಣಮ್ಮ."

"ನೆಗೆಟಿವ್ ಮೇಲೂ ಇರುತ್ತೆ ಅಂದ್ಕೊಂಡಿದ್ದೆ..."

"ನೆಗೆಟಿವ್ ಮೇಲೆ ಬರೆದ್ರೆ ಮುಖದ ಮೇಲೆ ಮೂಡುತ್ತಲ್ಲ ತಾಯಿ. ಯಾರಾದ್ರೂ ಬರೀತಾರಾ?" ಯಜಮಾನರು ಬೈಯುವ ಧ್ವನಿಯಲ್ಲಿ ಹೇಳಲಿಲ್ಲ. ಅವರ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸು ಬಿತ್ತು.

ಬೈಯುವ ಕೆಲಸ ಅತ್ತೆ ವಹಿಸಿಕೊಂಡಳು. "ಮೂವತ್ತು ವರ್ಷ ಆ ಕತ್ತಲೆ ಕೋಣೇಲಿ ಔಷಧಿ ನೀರಿಗೆ ಕೈ ಹಾಕಿ ಉಗುರು ಕಪ್ಪಾಗಿದ್ದು ನಂದು. ತೊಳೆದೋಳು ನಾನು, ಒಣಗಿಸಿದೋಳು ನಾನು, ಕವರಿಗೆ ತುಂಬಿದೋಳು ನಾನು. ನಿನಗೆ ಮೂರು ಭಾನುವಾರ ಸಾಕಾಯ್ತಾ ಅದನ್ನೆಲ್ಲ ಗುಡಿಸಿ ಹಾಕೋಕೆ?"

"ಅಮ್ಮ, ಅವಳು ಕೇಳಿದ್ಲು. ಏನಾದ್ರೂ ಮಾಡ್ಕೋ ಅಂದಿದ್ದು ನೀನೇ" ಎಂದ ಮಗ.

"ಏನಾದ್ರೂ ಮಾಡ್ಕೋ ಅಂದ್ರೆ ಬೆಂಕಿ ಇಡು ಅಂತಾನಾ? ನಿನ್ನ ಹೆಂಡತಿಗೆ ಕನ್ನಡಿ ಹಾಗೆ ಹೊಳೆದ್ರೆ ಸಾಕು, ಒಳಗೆ ಏನಿತ್ತು ಅನ್ನೋದು ಬೇಡ."

ನೀಟಮ್ಮ ಸೌಟನ್ನು ಮತ್ತೆ ಕೈಗೆತ್ತಿಕೊಂಡಳು. ಹೇಳುವುದು ಇನ್ನೂ ಒಂದಿತ್ತು. ಪೆಟ್ಟಿಗೆಯ ತಳದಲ್ಲಿ ನಲವತ್ತು ನೆಗೆಟಿವ್‌ಗಳು ಕೊಳೆತು ಸುರುಟಿ, ಗುಳ್ಳೆ ಎದ್ದು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಉಳಿದವನ್ನೂ ಕೆಡಿಸುತ್ತವೆಂದು ಅವುಗಳನ್ನೂ ಅದೇ ಬೆಂಕಿಗೆ ಎಸೆದಿದ್ದಳು. ಒಂದು ಊಟಕ್ಕೆ ಇಷ್ಟು ಸಾಕು ಅನ್ನಿಸಿತು. ಆ ನಲವತ್ತರಲ್ಲಿ ಬೇಕಾದದ್ದು ಯಾವುದೂ ಇರದಿರಲಿ ಎಂದು ಒಳಗೊಳಗೇ ಬೇಡಿಕೊಂಡು ಪಾತ್ರೆ ತೊಳೆಯಲು ಎದ್ದಳು.

ಮೊದಲ ವಾರವಿಡೀ ಮುಖ ನೋಡಿ ಗುರುತಿಸುವ ಸಾಹಸ ನಡೆಯಿತು. ಊಟದ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಬಲ್ಬು. ನೆಗೆಟಿವ್‌ನಲ್ಲಿ ಕಪ್ಪು ಕೂದಲು ಬಿಳಿ, ಬಿಳಿ ಹಲ್ಲು ಕಪ್ಪು; ಅದನ್ನು ಓದುವುದರಲ್ಲಿ ಅತ್ತೆಯ ಕಣ್ಣು ಪಳಗಿತ್ತು. ಓಣಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಹೋಲಿಸಿದ್ದೂ ಆಯಿತು. ಎಷ್ಟೋ ಹೊಸ್ತಿಲ ಫೋಟೋಗಳು ಸಿಕ್ಕವು, ಮುಖಗಳೂ ಸಿಕ್ಕವು, ಆದರೆ ತಾರೀಖು ಸಿಗಲಿಲ್ಲ. ಹೆಚ್ಚಿನ ಮನೆಯವರು ಯಜಮಾನರಿಂದ ಏಳೆಂಟು ಸಲ ಫೋಟೋ ತೆಗೆಸಿದ್ದರು. ಇದು ಬಂದ ವರ್ಷದ್ದೋ, ಆಮೇಲೆ ನೆಂಟರು ಬಂದಾಗ ನಿಂತದ್ದೋ? ಅಧಿಕಾರಿ ಕೇಳಿದರೆ ಹೇಳುವುದೇನು?

ಮೇಜು ಹೋದ ಮೇಲೆ ಊಟ ಅಡುಗೆಮನೆಯ ನೆಲಕ್ಕೆ ಬಂತು. ನೀಟಮ್ಮ ಅಂಗಡಿಯಿಂದ ಬಂದವಳೇ ಗಾಜಿನ ಮುಂದೆ ಕೂರುತ್ತಿದ್ದಳು. ಅನ್ನಕ್ಕೆ ನೀರಿಡುವುದು ಯಾರೆಂದು ದಿನವೂ ಜಗಳ.

"ಇವತ್ತೂ ಬೇಯಿಸಿದ ಆಲೂಗಡ್ಡೆನಾ?" ಎಂದು ಮಗ ತಟ್ಟೆ ನೋಡಿ ಕೇಳಿದ.

"ನಿನ್ನ ಕೈಗೇನು ಲಕ್ವಾ ಹೊಡೆದಿದೆಯಾ? ಬಸ್ಸು ಬಿಚ್ಚಿ ಜೋಡಿಸ್ತೀಯ, ಒಂದು ಪಲ್ಯ ಮಾಡೋಕೆ ಬರಲ್ವಾ?" ಎಂದಳು ಅತ್ತೆ.

ನೀಟಮ್ಮನಿಗೆ ಆಶ್ಚರ್ಯವಾಯಿತು. ಅತ್ತೆ ತನ್ನ ಪರ ಮಾತಾಡಿದ್ದು ಮದುವೆಯಾದ ಹದಿನಾಲ್ಕು ವರ್ಷಕ್ಕೆ ಅದೇ ಮೊದಲು. ಮರುದಿನದಿಂದ ಮಗ ನಿಜವಾಗಿಯೂ ಪಲ್ಯ ಮಾಡಿದ. ಉಪ್ಪು ವಿಪರೀತ, ಆದರೂ ಎಲ್ಲರೂ ತಿಂದರು.

ಎರಡನೇ ವಾರದ ನಡುವೆ ದಾರಿ ತೋರಿಸಿದ್ದೂ ಅತ್ತೆಯೇ. ಎರಡು ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ಗೊಣಗುತ್ತಿದ್ದಳು. "ಇವರಿಗೆ ಜನ್ಮದಲ್ಲಿ ಒಂದು ಸಲವಾದ್ರೂ ನೆಟ್ಟಗೆ ಕತ್ತರಿಸೋಕೆ ಬಂತಾ? ನೋಡು, ಸೊಟ್ಟ! ಸ್ಕೇಲ್ ಇಡ್ರೀ ಅಂತ ಬಡ್ಕೊಂಡೆ..." ಒಂದರ ಸೊಟ್ಟ ಅಂಚನ್ನು ಇನ್ನೊಂದರ ಸೊಟ್ಟ ಅಂಚಿಗೆ ತಾಗಿಸಿದಳು. ಕೂದಲೆಳೆ ಸಂದಿಲ್ಲದೆ ಕೂತವು.

ಒಂದು ರೋಲಿಗೆ ಹನ್ನೆರಡು ಫೋಟೋ. ಯಜಮಾನರು ರೋಲನ್ನು ತೊಳೆಸಿ, ಕತ್ತರಿಯಲ್ಲಿ ಕೈಯಂದಾಜಿಗೆ ಹನ್ನೆರಡು ತುಂಡು ಮಾಡುತ್ತಿದ್ದರು. ಫಿಲ್ಮಿನ ಅಂಚಿನಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ ಮೊದಲೇ ಅಚ್ಚಾಗಿರುತ್ತದೆ. ರಿಜಿಸ್ಟರಿನಲ್ಲಿ ಹನ್ನೆರಡು ಹೆಸರಿಗೊಂದು ಕೆಂಪು ಗೆರೆ, ಒಂದು ರೋಲು ಮುಗಿದ ಗುರುತು. ತುಂಡುಗಳನ್ನು ಜೋಡಿಸಿ ಒಂದು ರೋಲು ಪೂರ್ತಿಯಾದರೆ, ಅದರಲ್ಲಿ ಒಬ್ಬರ ಗುರುತು ಸಿಕ್ಕರೆ ಸಾಕು, ಉಳಿದ ಹನ್ನೊಂದು ಮಂದಿ ಸಾಲಾಗಿ ಬಂದು ತಮ್ಮ ಹೆಸರು, ತಾರೀಖಿನ ಮೇಲೆ ನಿಲ್ಲುತ್ತಾರೆ. ಕವರೇ ಬೇಡ.

"ನಾನು ಸೊಟ್ಟ ಕತ್ತರಿಸಿದ್ದು ಇದಕ್ಕೇ" ಎಂದರು ಯಜಮಾನರು.

"ಹೌದೌದು, ಎಲ್ಲ ಗೊತ್ತಿದ್ದೇ ಮಾಡಿದ್ರಿ" ಎಂದಳು ಅತ್ತೆ. ನಾಲ್ವರೂ ಅಂದು ನಕ್ಕರು. ನೀಟಮ್ಮನಿಗೆ ನಗುತ್ತಲೇ ಕಣ್ಣು ತುಂಬಿತು.

ಆ ಖುಷಿ ಮೂರನೇ ವಾರದವರೆಗೂ ಇತ್ತು. ಹತ್ತು ಮನೆ, ಹದಿನೆಂಟು ಮನೆ, ಇಪ್ಪತ್ತೇಳು ಮನೆ. ರಿಜಿಸ್ಟರಿನ ಮೊಟ್ಟಮೊದಲ ಸಾಲು ಯಜಮಾನರ ಮನೆಯದೇ. ಅದೂ ಸಿಕ್ಕಿತು, ಅತ್ತೆ ಹೊಸ್ತಿಲ ಮೇಲೆ ಮುಖ ಗಂಟಿಕ್ಕಿಕೊಂಡು ನಿಂತದ್ದು. ಆದರೆ ಅಲ್ಲೊಂದು ಇಲ್ಲೊಂದು ರೋಲಿನಲ್ಲಿ ಒಂದೊಂದು ಜಾಗ ಖಾಲಿ ಬರತೊಡಗಿತು. ಮೊದಮೊದಲು ಖಾಲಿ ಬಂದದ್ದು ಯಾರದೋ ಅರ್ಜಿಯ ಫೋಟೋ, ಯಾರದೋ ಮಗುವಿನ ಫೋಟೋ. ಅವು ಇಲ್ಲದಿದ್ದರೂ ನಡೆಯುತ್ತಿತ್ತು.

"ಇದರ ನಾಲ್ಕನೇದು ಎಲ್ಲಿ ಹೋಯ್ತು?" ಎಂದು ಯಜಮಾನರು ಕೇಳುತ್ತಿದ್ದರು.

"ಇಲ್ಲೇ ಎಲ್ಲೋ ಇರುತ್ತೆ ಮಾವ" ಎನ್ನುತ್ತಿದ್ದಳು ನೀಟಮ್ಮ. ಪ್ರತಿ ಸಲವೂ ಹಾಗೆ ಹೇಳಿ ಫೈಲು ತಿರುವಿದಂತೆ ಮಾಡುತ್ತಿದ್ದಳು.

ಇಸ್ತ್ರಿ ಅಜ್ಜಿ ಬೆಳಿಗ್ಗೆ ಬಟ್ಟೆಗೆ ಬಂದಾಗ ಒಂದು ಸಲ, ಸಂಜೆ ಮಡಚಿ ತಂದಾಗ ಒಂದು ಸಲ ಕೇಳುತ್ತಿದ್ದಳು. "ನಂದು ಸಿಕ್ತೇನೇ ನೀಟು?"

"ಸಿಗುತ್ತೆ ಅಜ್ಜಿ, ನಿಮ್ಮ ರೋಲಿಗೆ ಇನ್ನೂ ಬಂದಿಲ್ಲ."

"ಸಿಗಲಿ ಬಿಡು, ಅವಸರ ಇಲ್ಲ. ಹಾಂ, ಬದಲಿ ಮನೇಲಿ ನಲ್ಲಿ ಮನೆಯೊಳಗೇ ಇರುತ್ತಂತೆ, ನಿಜವೇನೇ?"

ನೀಟಮ್ಮ ಈ ಮನೆಗೆ ಬಂದ ಹೊಸತರಲ್ಲಿ ಅತ್ತೆಯ ಬಾಯಿಗೆ ಹೆದರಿ ಅಳುತ್ತ ಹೋಗಿ ಕೂರುತ್ತಿದ್ದುದು ಈ ಅಜ್ಜಿಯ ಕೆಂಡದ ಪೆಟ್ಟಿಗೆಯ ಪಕ್ಕದಲ್ಲೇ. ಅಜ್ಜಿ ಸಮಾಧಾನ ಹೇಳುತ್ತಿರಲಿಲ್ಲ. ಒಂದು ಅಂಗಿ ಕೊಟ್ಟು ಕಾಲರ್ ತಿಕ್ಕು ಅನ್ನುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ, ಗಂಡ ಸತ್ತು ಮೂವತ್ತು ವರ್ಷ. ಹೋಗುವುದಕ್ಕೆ ಬೇರೆ ಜಾಗವಿಲ್ಲ.

ನಾಲ್ಕನೇ ವಾರದ ಶುಕ್ರವಾರ ಅವಳ ರೋಲು ಕೂಡಿಬಂತು. ಒಂದರಿಂದ ಎಂಟು ಒಂದಕ್ಕೊಂದು ಅಂಟಿದಂತೆ ಕೂತವು. ಹತ್ತು, ಹನ್ನೊಂದು, ಹನ್ನೆರಡೂ ಕೂತವು. ರಿಜಿಸ್ಟರಿನಲ್ಲಿ ಆ ರೋಲಿನ ಒಂಬತ್ತನೇ ಸಾಲು: ಇಸ್ತ್ರಿಯವರು, ಗಂಡ ಹೆಂಡತಿ, ನಲ್ಲಿಯ ಪಕ್ಕದ ಮನೆ, ಹೊಸ್ತಿಲು. ಯಜಮಾನರು ನಾಲ್ಕೂ ಫೈಲುಗಳಲ್ಲಿ ಅಂಚಿಗೆ ಒಂಬತ್ತು ಎಂದಿರುವ ಪ್ರತಿಯೊಂದು ತುಂಡನ್ನೂ ತಂದು ತಾಗಿಸಿ ನೋಡಿದರು. ಊಟ ತಣ್ಣಗಾಯಿತು. ಯಾವುದೂ ಕೂರಲಿಲ್ಲ.

"ಎಲ್ಲೋ ಇರುತ್ತೆ ಅಂತೀಯಲ್ಲಮ್ಮ, ಎಲ್ಲಿ?" ಎಂದು ಅವರು ಕೇಳಿದಾಗ ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಇಲ್ಲ ಮಾವ. ಕೊಳೆತಿದ್ದ ಒಂದು ನಲವತ್ತನ್ನ ಕವರಿನ ಜೊತೆ ಸುಟ್ಟೆ. ಗುಳ್ಳೆ ಎದ್ದು ಏನೂ ಕಾಣ್ತಿರಲಿಲ್ಲ. ಕಂಡಿದ್ರೂ ಉಪಯೋಗಕ್ಕೆ ಬರ್ತಿರಲಿಲ್ಲ."

ಯಜಮಾನರು ಗಾಜಿನ ಮೇಲಿನ ಖಾಲಿ ಜಾಗಕ್ಕೆ ಬೆರಳಿಟ್ಟರು. "ಮುಖ ಯಾಕೆ ಬೇಕಿತ್ತು? ಅಂಚು ಸಾಕಿತ್ತಲ್ಲ ಮಗಳೇ. ಕೊಳೆತ್ರೂ ಅಂಚು ಇರ್ತಿತ್ತು."

ಆ ಮಾತು ಬೈಗುಳಕ್ಕಿಂತ ಜೋರಾಗಿ ಅವಳಿಗೆ ನಾಟಿತು. ಅತ್ತೆ ಸೊಸೆಯ ಮುಖ ನೋಡಿದಳು. ತಟ್ಟೆಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ಉಪಾಯ ಹೇಳಿದವನು ಮಗ. "ಅಪ್ಪ, ಅಂಚೇ ತಾನೇ ಬೇಕಿರೋದು? ಯಾವುದಾದ್ರೂ ಬೇಡದ ಒಂಬತ್ತನ್ನ ತಗೋ. ಎಂಟರ ಅಂಚು ಇಟ್ಟು ಒಂದು ಕಡೆ, ಹತ್ತರ ಅಂಚು ಇಟ್ಟು ಒಂದು ಕಡೆ ಕತ್ತರಿಸು. ಅದೇ ಕತ್ತರಿ, ಅದೇ ಕೈ. ಆ ಸಾಹೇಬನ ಅಪ್ಪಂಗೂ ಗೊತ್ತಾಗಲ್ಲ."

"ಅದರಲ್ಲಿರೋ ಮುಖ?"

"ಕೊಳೆತಿತ್ತು ಅಂತ ಸ್ವಲ್ಪ ಸುಟ್ಟು ಗುಳ್ಳೆ ಎಬ್ಬಿಸಿದ್ರಾಯ್ತು."

"ಆಗಲ್ಲ."

"ಮಾವ, ಒಂದೇ ಒಂದು" ಎಂದು ನೀಟಮ್ಮ ಕೈಮುಗಿದಳು. "ನನ್ನ ತಪ್ಪಿಗೆ ಆ ಅಜ್ಜಿ ಬೀದಿಗೆ ಬೀಳೋದು ಬೇಡ. ಪಾಪ ಬಂದ್ರೆ ನನಗೆ ಬರಲಿ."

"ಪಾಪದ ಮಾತಲ್ಲಮ್ಮ. ಆ ಸಾಹೇಬ ಒಂದು ತುಂಡಿನ ಮೇಲೆ ಅನುಮಾನ ಪಟ್ರೆ ಅಷ್ಟೂ ರೋಲನ್ನ ಮುಖದ ಮೇಲೆ ಎಸೀತಾನೆ. ಮಿಕ್ಕ ಮನೆಯವರಿಗೆ ಏನು ಹೇಳ್ತೀಯ?" ಎನ್ನುತ್ತ ಯಜಮಾನರು ಕತ್ತರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಊಟಕ್ಕೂ ಮಲಗುವುದಕ್ಕೂ ಅದು ಅವರ ಜೇಬಿನಲ್ಲೇ ಇತ್ತು. ತಂದೆ ಮಗನ ನಡುವೆ ಮಾತು ನಿಂತಿತು. "ಅಪ್ಪಂಗೆ ಚಹಾ ಬೇಕಾ ಕೇಳು", "ನಿನ್ನ ಮಗನಿಗೆ ಬೇಡ ಅಂತ ಹೇಳು" ಎಂದು ಎಲ್ಲವೂ ಅತ್ತೆಯ ಮೂಲಕ ಓಡಾಡಿತು.

ಉಳಿದ ಒಂದು ವಾರ ನೀಟಮ್ಮ ಅಂಗಡಿಗೆ ರಜೆ ಹಾಕಿ ಹಿತ್ತಲ ಮಣ್ಣನ್ನು ಕೆದಕಿದಳು. ಬೆಂಕಿ ಹಾಕಿದ ಜಾಗದಲ್ಲಿ ಒಂದು ಉಗುರಿನಷ್ಟು ಕರಟಿದ ಫಿಲ್ಮು ಸಿಕ್ಕಿತು. ಅದಕ್ಕೆ ಅಂಚೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಅಜ್ಜಿ ಬಟ್ಟೆಗೆ ಬಂದಾಗ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಹುಳ ತಿಂದಿದೆಯಂತಮ್ಮ, ಆದ್ರೂ ಕೇಳಿ ನೋಡೋಣ" ಎಂದು ಅತ್ತೆಯೇ ಅಜ್ಜಿಗೆ ಹೇಳಿ ಕಳಿಸಿದಳು. ಸೊಸೆಯ ಹೆಸರೆತ್ತಲಿಲ್ಲ.

ಕಚೇರಿಯ ದಿನ ಬಂತು. ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಬೆಂಚುಗಳು, ತುಂಬ ಓಣಿಯ ಜನ. ಅಧಿಕಾರಿ ಒಳ್ಳೆಯವರೇ. ಕನ್ನಡಕವನ್ನು ಹಣೆಗೇರಿಸಿ, ಗಾಜಿನ ಮೇಲೆ ಒಂದೊಂದೇ ರೋಲನ್ನು ಜೋಡಿಸಿ, ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿ, ರಿಜಿಸ್ಟರಿನ ಸಾಲಿಗೆ ಬೆರಳಿಟ್ಟು, ಮುಖ ಎತ್ತಿ ಮುಂದೆ ನಿಂತವರನ್ನು ನೋಡಿ ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಸಹಿಯಾಯಿತು. ನೆಗೆಟಿವ್ ಇಲ್ಲದ ಮೂವರಲ್ಲಿ ಒಬ್ಬರ ಬಳಿ ಆಸ್ಪತ್ರೆಯ ಹಳೆಯ ಚೀಟಿ ಇತ್ತು, ಇನ್ನೊಬ್ಬರು ಮಗಳ ಊರಿಗೆ ಹೋಗುವವರೇ ಆಗಿದ್ದರು. ಮೂರನೆಯವಳು ಇಸ್ತ್ರಿ ಅಜ್ಜಿ. ಅಂದು ಅವಳ ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಈ ಒಂಬತ್ತು ಎಲ್ಲಿ?" ಎಂದರು ಅಧಿಕಾರಿ.

"ಹಳೇದು ಸ್ವಾಮಿ, ಕೊಳೆತು ಹೋಯ್ತು" ಎಂದರು ಯಜಮಾನರು. "ಆದ್ರೆ ಎಂಟಿದೆ, ಹತ್ತಿದೆ, ರಿಜಿಸ್ಟರಲ್ಲಿ ಹೆಸರಿದೆ. ನಡುವೆ ಇವಳಲ್ಲದೆ ಇನ್ಯಾರು ಇರ್ತಾರೆ?"

"ನನಗೆ ಅರ್ಥ ಆಗುತ್ತೆ ಯಜಮಾನರೇ. ಆದ್ರೆ ಇಲ್ಲದ ನೆಗೆಟಿವ್ ಮುಂದೆ ಸಹಿ ಹೇಗೆ ಹಾಕಲಿ? ಮೇಲಿನವರಿಗೆ ಏನಾದ್ರೂ ತೋರಿಸಬೇಕಲ್ಲ."

ಹಿಂದೆ ನಿಂತಿದ್ದ ನೀಟಮ್ಮ ಮುಂದೆ ಬಂದಳು. ಗಂಡ ತೋಳು ಹಿಡಿದ, ಬಿಡಿಸಿಕೊಂಡಳು.

"ಇತ್ತು ಸಾರ್. ನಾನೇ ಸುಟ್ಟಿದ್ದು. ಹೋದ ಬೇಸಿಗೇಲಿ ಈ ಕೈಯಿಂದಲೇ ಬೆಂಕಿಗೆ ಹಾಕಿದೆ. ಇತ್ತು ಅನ್ನೋದಕ್ಕೆ ನಾನೇ ಸಾಕ್ಷಿ."

ಅಜ್ಜಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ಸರಿಯಾಗಿ ಕೇಳಿಸಲಿಲ್ಲ ಅನ್ನುವ ಹಾಗಿತ್ತು.

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಅವರಿಗೂ ಸಹಿ ಹಾಕುವ ಮನಸ್ಸಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. "ಸರಿ, ಹೇಳಿಕೆ ಅಂತ ಬರ್ಕೋತೀನಿ. ಸುಡೋ ಮುಂಚೆ ನೋಡಿದ್ರಲ್ಲ? ಅದರಲ್ಲಿ ಯಾರಿದ್ರು, ಹೇಗೆ ನಿಂತಿದ್ರು, ಗಂಡಸು ಹೇಗಿದ್ದ? ನೀವು ಹೇಳಿ. ಆಮೇಲೆ ಅಜ್ಜಿ ಹೇಳ್ತಾರೆ. ಎರಡೂ ಕೂಡಿಬಂದ್ರೆ ನಾನು ಮೇಲಕ್ಕೆ ಕಳಿಸ್ತೀನಿ."

ನೀಟಮ್ಮ ಕಣ್ಣು ಮುಚ್ಚಿದಳು. ಹಿತ್ತಲು ಕಂಡಿತು, ಕವರುಗಳ ರಾಶಿ ಕಂಡಿತು, ಸುರುಟಿದ ಕಪ್ಪು ತುಂಡುಗಳು ಕಂಡವು, ಅವನ್ನು ಮುಟ್ಟಲು ಅಸಹ್ಯಪಟ್ಟು ಇಕ್ಕಳದಲ್ಲಿ ಎತ್ತಿದ್ದೂ ಕಂಡಿತು. ಒಂದನ್ನಾದರೂ ಬೆಳಕಿಗೆ ಹಿಡಿದಿರಲಿಲ್ಲ. ಬಿಸಿಲಲ್ಲಿ ನಿಂತ ಒಬ್ಬ ಗಂಡಸನ್ನು ಕಟ್ಟಿ ಹೇಳೋಣವೆಂದು ಬಾಯಿ ತೆರೆದಳು. ಅವನಿಗೆ ಮೀಸೆ ಇತ್ತೋ ಇಲ್ಲವೋ, ಅದೇ ಗೊತ್ತಿರಲಿಲ್ಲ.

"ನೋಡಲಿಲ್ಲ ಸಾರ್. ಒಂದನ್ನೂ ನೋಡಲಿಲ್ಲ."

"ನೀವು ತೆಗೆದವರು, ನಿಮಗೆ?" ಎಂದರು ಅಧಿಕಾರಿ ಯಜಮಾನರಿಗೆ.

ಯಜಮಾನರು ತಲೆ ತಗ್ಗಿಸಿದರು. "ಸಾವಿರಾರು ಮುಖ ಸ್ವಾಮಿ. ಪೆಟ್ಟಿಗೇಲಿದೆ ಅಂತ ನಾನು ನೆನಪಿಟ್ಟುಕೊಳ್ಳಲೇ ಇಲ್ಲ."

ಅಜ್ಜಿ ಅಷ್ಟು ಹೊತ್ತಿಗೆ ನೀಟಮ್ಮನ ಹತ್ತಿರ ಬಂದು ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಮನೆಯ ಮಾತೇ ಅವಳಿಗೆ ಮರೆತಂತಿತ್ತು.

"ಅವನದು ಅದೊಂದೇ ಇದ್ದದ್ದು ಕಣೇ" ಎಂದಳು. "ಮನೇಲಿದ್ದ ಫೋಟೋ ಕೆಂಡ ಸಿಡಿದು ಸುಟ್ಟುಹೋಯ್ತು. ಇನ್ನೊಂದು ಹಾಕಿಕೊಡಿ ಅಂದಾಗ ಯಜಮಾನ್ರು, ನನ್ನ ಹತ್ರ ಭದ್ರವಾಗಿದೆ, ಯಾವಾಗ ಬೇಕಾದ್ರೂ ಬಾ ಅಂದ್ರು. ಇದೆಯಲ್ಲ ಅಂತ ನಾನೂ ನಿಶ್ಚಿಂತೆಯಾಗಿದ್ದೆ."

"ಅಜ್ಜಿ, ನೀವು ಹೇಳಿ" ಎಂದರು ಅಧಿಕಾರಿ ಮೆಲ್ಲಗೆ. "ನಿಮ್ಮದನ್ನಾದ್ರೂ ಬರ್ಕೋತೀನಿ. ಅವರು ಹೇಗಿದ್ರು?"

"ಎತ್ತರ ಇದ್ದ" ಎಂದಳು ಅಜ್ಜಿ ತಕ್ಷಣ. ಅಧಿಕಾರಿ ಬರೆದುಕೊಂಡರು. ಓಣಿಯವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು. "ಎತ್ತರ... ಬಾಗಿಲಿಗೆ ಬಗ್ಗಬೇಕಿತ್ತು."

"ಮುಖ?"

ಅಜ್ಜಿ ಬಾಯಿ ತೆರೆದಳು. ಗೋಡೆ ನೋಡಿದಳು, ಗಾಜಿನ ಮೇಲೆ ಎಂಟಕ್ಕೂ ಹತ್ತಕ್ಕೂ ನಡುವೆ ಉರಿಯುತ್ತಿದ್ದ ಬೆಳಕು ನೋಡಿದಳು, ಕೊನೆಗೆ ನೀಟಮ್ಮನನ್ನು ನೋಡಿದಳು.

"ಬರ್ತಿಲ್ಲ ಕಣೇ" ಎಂದಳು. "ಮುಖ ಬರ್ತಿಲ್ಲ."